ಡಬ್ಲ್ಯೂ 221 ಎಸ್-ಕ್ಲಾಸ್: 2007, 2010, 2012ರಲ್ಲಿ ಯಾವುದನ್ನು ಆರಿಸಬೇಕು?

ಪ್ರಶ್ನೆ:

ನಮಸ್ಕಾರ. 2005ರಿಂದ 2013ರವರೆಗೆ ಮಾರಾಟದಲ್ಲಿದ್ದ ಮರ್ಸಿಡಿಸ್-ಬೆಂಜ್ ಎಸ್-ಕ್ಲಾಸ್, ಅಂದರೆ ಡಬ್ಲ್ಯೂ 221 ಸರಣಿಯ ಹಳೆಯ ಕಾರೊಂದನ್ನು ಕೊಳ್ಳಬೇಕೆಂದಿದ್ದೇನೆ. ಪೆಟ್ರೋಲ್ ಎಸ್ 500 ಎಂಬಲ್ಲಿಗೆ ನಿರ್ಧಾರ ಬಂದು ನಿಂತಿದೆ. ನೋಡಿರುವ ಕಾರುಗಳು ಮೂರು: 58,000 ಕಿ.ಮೀ. ಓಡಿರುವ 2007ರದು, 1,30,000 ಕಿ.ಮೀ. ಓಡಿರುವ 2010ರ ಆರಂಭದ್ದು, 95,000 ಕಿ.ಮೀ. ಓಡಿರುವ 2012ರದು. ಕಡಿಮೆ ಓಡಿದೆ ಎಂಬ ಕಾರಣಕ್ಕೆ ಮನಸ್ಸು ಮೊದಲನೆಯದರ ಕಡೆಗೆ ವಾಲುತ್ತಿದೆ; ಹೊಸದು ಎಂಬ ಕಾರಣಕ್ಕೆ ಮನೆಯವರು ಕೊನೆಯದನ್ನು ಹೇಳುತ್ತಿದ್ದಾರೆ. ಐದಾರು ವರ್ಷ ಇಟ್ಟುಕೊಳ್ಳುವ ಉದ್ದೇಶವಿದೆ. ಈ ಕಾರನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ:

ನೀವಿಬ್ಬರೂ ಬಿಟ್ಟಿರುವ ನಡುವಿನ ಕಾರನ್ನೇ ನಾನು ಆರಿಸುತ್ತೇನೆ. ಮೂರರ ಮೇಲೂ ಎಸ್ 500 ಎಂದೇ ಬರೆದಿದ್ದರೂ ಒಳಗಿರುವ ಎಂಜಿನ್ ಒಂದೇ ಅಲ್ಲ ಎಂಬುದನ್ನು ಮೊದಲು ಗಮನಿಸಿ. 2007 ಮತ್ತು 2010ರ ಆರಂಭದ ಕಾರುಗಳಲ್ಲಿ ಟರ್ಬೊ (ಎಂಜಿನ್ನಿಗೆ ಒತ್ತಡದಿಂದ ಗಾಳಿ ತುಂಬುವ ಸಾಧನ) ಇಲ್ಲದ 5,461 ಸಿ.ಸಿ.ಯ ಎಂಟು ಸಿಲಿಂಡರ್ ಎಂಜಿನ್ ಇದೆ. ಇದರ ಸಂಕೇತ ಎಂ 273, ಶಕ್ತಿ 388 ಅಶ್ವಶಕ್ತಿ. 2010ರ ಕೊನೆಯ ಭಾಗದಲ್ಲಿ ಅದರ ಜಾಗಕ್ಕೆ 4,663 ಸಿ.ಸಿ.ಯ, ಎರಡು ಟರ್ಬೊಗಳ ಎಂ 278 ಬಂದಿತು.

ಎಂ 273ರ ಆರಂಭದ ಎಂಜಿನ್‌ಗಳಲ್ಲಿ ಎಂಜಿನ್ನಿನ ಕವಾಟಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್‌ಗಳನ್ನು ತಿರುಗಿಸುವ ಟೈಮಿಂಗ್ ಚೈನ್ ಹಾದುಹೋಗುವ ಒಂದು ಐಡ್ಲರ್ ಗೇರ್‌ನ ಹಲ್ಲುಗಳು ಬೇಗ ಸವೆಯುತ್ತವೆ. ಹಲ್ಲು ಸವೆದಂತೆ ಕ್ಯಾಮ್‌ಶಾಫ್ಟ್‌ಗಳ ಹೊಂದಾಣಿಕೆ ತಪ್ಪಿ, ಎಂಜಿನ್ ಎಚ್ಚರಿಕೆಯ ದೀಪ ಉರಿಯುತ್ತದೆ. ಗೇರ್ ಚಿಕ್ಕದು, ಆದರೆ ಅದನ್ನು ತಲುಪಲು ಎಂಜಿನ್ನನ್ನೇ ಕೆಳಗಿಳಿಸಬೇಕು. ಖರ್ಚು ಇರುವುದು ಬಿಡಿಭಾಗಕ್ಕಲ್ಲ, ಕೂಲಿಗೆ. ಈ ದೋಷ ಹೆಚ್ಚುಕಡಿಮೆ 2006ರ ಉತ್ತರಾರ್ಧದವರೆಗೆ ತಯಾರಾದ ಎಂಜಿನ್‌ಗಳದ್ದು. 2007ರ ಕಾರು ಎಂದು ನೋಂದಣಿಯಾದದ್ದರಲ್ಲಿ 2006ರಲ್ಲಿ ತಯಾರಾದ ಎಂಜಿನ್ ಇರುವ ಸಾಧ್ಯತೆ ಚೆನ್ನಾಗಿಯೇ ಇದೆ. ಅಂಥ ಕಾರು ಬರೀ 58,000 ಕಿ.ಮೀ. ಓಡಿದೆ ಎಂದರೆ ಸವೆತ ಇನ್ನೂ ಹೊರಗೆ ಕಾಣಿಸಿಕೊಂಡಿಲ್ಲ ಎಂದಷ್ಟೇ ಅರ್ಥ. ಅದು ಕಾಣಿಸಿಕೊಳ್ಳುವ ಹೊತ್ತಿಗೆ ಕಾರು ನಿಮ್ಮದಾಗಿರುತ್ತದೆ.

2010ರ ಕಾರಿನಲ್ಲಿ ಆ ಗೇರ್ ಬದಲಾಗಿದೆ, ಟರ್ಬೊ ಇನ್ನೂ ಬಂದಿಲ್ಲ, 2009ರ ಪರಿಷ್ಕರಣೆಯ ಸುಧಾರಣೆಗಳೂ ಸೇರಿವೆ. 1,30,000 ಕಿ.ಮೀ. ಈ ಎಂಜಿನ್ನಿಗೆ ದೊಡ್ಡದಲ್ಲ. ಏಳು ಗೇರ್‌ಗಳ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ಬದಲಾಯಿಸಿದ ದಾಖಲೆ ಇದೆಯೇ ಎಂದು ಮಾತ್ರ ಕೇಳಿ. ಅದರೊಳಗೇ ಇರುವ ಎಲೆಕ್ಟ್ರಾನಿಕ್ ಫಲಕದ ವೇಗ ಸೆನ್ಸರ್‌ಗಳು ಕೆಟ್ಟರೆ ಕಾರು ಒಂದೇ ಗೇರ್‌ನಲ್ಲಿ ಸಿಕ್ಕಿಕೊಳ್ಳುವುದುಂಟು, ಆದ್ದರಿಂದ ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೂ ಓಡಿಸಿ ನೋಡಿ. (ಎಸ್ 600 ಅಗ್ಗಕ್ಕೆ ಸಿಗುತ್ತದೆಂದು ಯಾರಾದರೂ ಆಸೆ ತೋರಿಸಿದರೆ, ಆ ಹನ್ನೆರಡು ಸಿಲಿಂಡರ್‌ಗಳಿಗೆ 24 ಸ್ಪಾರ್ಕ್ ಪ್ಲಗ್‌ಗಳಿವೆ ಎಂಬುದನ್ನು ನೆನೆಸಿಕೊಳ್ಳಿ.)

ಎರಡನೆಯ ಉತ್ತರ:

2007ರದರ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ 2012ರದನ್ನು ನೋಡದೆಯೇ ತಳ್ಳಿಹಾಕುವುದು ಸರಿಯಲ್ಲ. ಎಂ 278 ಎಂಜಿನ್ 435 ಅಶ್ವಶಕ್ತಿ, 700 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಕೊಡುತ್ತದೆ. ಹಳೆಯದರ ಟಾರ್ಕ್ 530. ಎರಡು ಟನ್ನಿನ ಆಸುಪಾಸಿನ ಕಾರಿನಲ್ಲಿ ಈ ವ್ಯತ್ಯಾಸ ಪ್ರತಿದಿನ ಅನುಭವಕ್ಕೆ ಬರುತ್ತದೆ. ಅದಕ್ಕೂ ಅದರದೇ ತೊಂದರೆಗಳಿವೆ, ನಿಜ. ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ನಿಮ್ಮೆದುರಿಗೇ ಸ್ಟಾರ್ಟ್ ಮಾಡಿಸಿ: ಮೊದಲ ಕೆಲವು ಸೆಕೆಂಡುಗಳಲ್ಲಿ ಖಟಖಟ ಸದ್ದು ಕೇಳಿದರೆ, ಚೈನ್ ಬಿಗಿಮಾಡುವ ಟೆನ್ಷನರ್‌ಗೆ ಆಯಿಲ್ ಒತ್ತಡ ತಡವಾಗಿ ತಲುಪುತ್ತಿದೆ ಎಂದು ತಿಳಿಯಬೇಕು. ನೀವು ಬರುವ ಮೊದಲೇ ಎಂಜಿನ್ ಬಿಸಿಯಾಗಿದ್ದರೆ ಏನೂ ಹೇಳದೆ ಇನ್ನೊಂದು ದಿನ ಹೋಗಿ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ರಂಧ್ರದ ಮೂಲಕ ಸಣ್ಣ ಕ್ಯಾಮೆರಾ ಇಳಿಸಿ ಸಿಲಿಂಡರ್ ಗೋಡೆಗಳಲ್ಲಿ ಉದ್ದ ಗೀರುಗಳಿವೆಯೇ ಎಂದು ನೋಡಿಸುವುದು ಈ ಎಂಜಿನ್ನಿಗೆ ಅತ್ಯಗತ್ಯ. ಇವೆರಡರಲ್ಲೂ ಅದು ಗೆದ್ದರೆ ನಾನು 2012ರದನ್ನೇ ಕೊಳ್ಳುತ್ತೇನೆ.

ಇನ್ನೊಂದು ಮಾತು. ಕಾರನ್ನು ಗಾಳಿಯ ಮೇಲೆ ಹೊರುವ ಏರ್ ಸಸ್ಪೆನ್ಷನ್ನಿನ ರಬ್ಬರ್ ಚೀಲಗಳು ಕಿಲೋಮೀಟರ್ ಎಣಿಸುವುದಿಲ್ಲ, ವರ್ಷ ಎಣಿಸುತ್ತವೆ. ಮೂರೂ ಕಾರುಗಳನ್ನು ರಾತ್ರಿ ನಿಲ್ಲಿಸಿ ಬೆಳಿಗ್ಗೆ ನಾಲ್ಕು ಮೂಲೆಗಳ ಎತ್ತರ ಅಳೆಯಿರಿ. ಒಂದು ಮೂಲೆ ಕುಸಿದಿದ್ದರೆ ಅಲ್ಲಿ ಗಾಳಿ ಸೋರುತ್ತಿದೆ. ಆ ಸೋರಿಕೆಯನ್ನು ತುಂಬಲು ಬಿಡುವಿಲ್ಲದೆ ದುಡಿದು ಕೊನೆಗೆ ಕಂಪ್ರೆಸರ್ ಕೂಡ ಸುಟ್ಟುಹೋಗುತ್ತದೆ. ಹೊಸ ಕಂಪ್ರೆಸರ್ ಹಾಕಿಸಿದವರು ಅದರ ರಿಲೇಯನ್ನು (ವಿದ್ಯುತ್ ಸ್ವಿಚ್ಚನ್ನು) ಬದಲಿಸಿದ್ದಾರೆಯೇ ಎಂದೂ ಕೇಳಿ, ಏಕೆಂದರೆ ಅಂಟಿಕೊಂಡ ಹಳೆಯ ರಿಲೇ ಹೊಸದನ್ನೂ ಸುಡಬಲ್ಲದು.

ಮೂರನೆಯ ಉತ್ತರ:

ವರ್ಷದ ಬಗ್ಗೆಯೇ ಒಂದು ಎಚ್ಚರಿಕೆ. ಚಾಸಿ ಸಂಖ್ಯೆಯ 17 ಅಕ್ಷರಗಳಲ್ಲಿ ಹತ್ತನೆಯದು ಮಾದರಿ ವರ್ಷವನ್ನು ಹೇಳುತ್ತದೆ ಎಂದು ಎಲ್ಲೆಡೆ ಬರೆದಿರುತ್ತಾರೆ. ಅದು ಉತ್ತರ ಅಮೆರಿಕಕ್ಕಾಗಿ ತಯಾರಾದ ಕಾರುಗಳ ಮಟ್ಟಿಗೆ ಸರಿ. ಅಲ್ಲಿ 9 ಎಂದರೆ 2009, ಎ ಎಂದರೆ 2010. ಯುರೋಪಿನ ಕ್ರಮದ ಡಬ್ಲ್ಯೂ 221ರಲ್ಲಿ ಅದೇ ಜಾಗದ 1 ಅಥವಾ 2 ಸ್ಟೀಯರಿಂಗ್ ಎಡಕ್ಕಿದೆಯೋ ಬಲಕ್ಕಿದೆಯೋ ಎಂಬುದನ್ನಷ್ಟೇ ತಿಳಿಸುತ್ತದೆ. ಆದ್ದರಿಂದ ಚಾಸಿ ಸಂಖ್ಯೆ ಕೊಟ್ಟು ಕಾರು ತಯಾರಾದಾಗಿನ ವಿವರಗಳಿರುವ ಕಾರ್ಖಾನೆಯ ಡೇಟಾ ಕಾರ್ಡ್ ತರಿಸಿಕೊಳ್ಳಿ. ಎಂಜಿನ್ ಸಂಖ್ಯೆಯೂ ಅದರಲ್ಲಿರುತ್ತದೆ, ಮತ್ತು ಅದು 273ರಿಂದ ಶುರುವಾಗುತ್ತದೆಯೋ 278ರಿಂದಲೋ ಎಂದು ನೋಡಿದರೆ ಮೇಲಿನ ಚರ್ಚೆಯಲ್ಲಿ ನಿಮ್ಮ ಕಾರು ಯಾವ ಕಡೆಯದು ಎಂದು ತಿಳಿಯುತ್ತದೆ. 2010ರದರ ವಿಷಯದಲ್ಲಿ ಇದನ್ನು ನೋಡಲೇಬೇಕು.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಧನ್ಯವಾದಗಳು. 2010ರ ಕಾರಿನ ಎಂಜಿನ್ ಸಂಖ್ಯೆ 273ರಿಂದಲೇ ಶುರುವಾಗುತ್ತದೆ ಎಂದು ಮಾಲೀಕರು ಫೋಟೊ ಕಳುಹಿಸಿದ್ದಾರೆ. 2007ರದನ್ನು ಕೈಬಿಟ್ಟೆ. ಉಳಿದೆರಡನ್ನೂ ಈ ಶನಿವಾರ ರಾತ್ರಿ ನಿಂತಲ್ಲಿಂದ ಕದಲಿಸಬಾರದೆಂದು ಕೇಳಿಕೊಂಡಿದ್ದೇನೆ. ಭಾನುವಾರ ಬೆಳಿಗ್ಗೆ ಮೆಕ್ಯಾನಿಕ್ ಜೊತೆ ಅಳತೆಪಟ್ಟಿ ಹಿಡಿದು ಹೋಗುತ್ತೇನೆ.