ರೆಂಜೆ ಮರದ ಬುಡಕ್ಕೆ ಇಂಟರ್‌ಲಾಕ್

ಗುಂಪು: ತರವಾಡು ಮನೆ, ಉಡುಪಿ

ಪ್ರಕಾಶ ಮಾವ: (ವಿಡಿಯೊ) ಎಲ್ಲರೂ ಪೂರ್ತಿ ನೋಡಿ. ಮಿಯಾವಾಕಿ ಕಾಡು, ಅಂದರೆ ಸಣ್ಣ ಜಾಗದಲ್ಲಿ ಗಿಡ ಒತ್ತೊತ್ತಾಗಿ ನೆಟ್ಟು ಬೆಳೆಸುವ ಕಾಡು. ಮನೆ ಹಿಂದಿನ 10 ಸೆಂಟ್ಸ್ ಸುಮ್ನೆ ಬಿದ್ದಿದೆ. ಈ ಮಳೆಗೆ ಮಾಡಿಯೇ ಬಿಡುವ.

ನವೀನಣ್ಣ: ಸೂಪರ್ ಮಾವ. ನನ್ನದು 5 ಸಾವಿರ.

ಸುಮತಿ ದೊಡ್ಡಮ್ಮ: ಹಾವು ಬರುವುದಿಲ್ವಾ?

ನಾನು: ನಾಗಬನದ ಪಕ್ಕದ ಜಾಗ ದೊಡ್ಡಮ್ಮ, ಹಾವು ಮೊದಲೇ ಉಂಟು. ಮಾವ, ಹೊಸ ಕಾಡು ಆಮೇಲೆ. ಬನಕ್ಕೆ ಹಾಕಿದ ಸಿಮೆಂಟ್ ಕಲ್ಲಿನ ಇಂಟರ್‌ಲಾಕ್ ತೆಗೆಯುವುದು ಯಾವಾಗ?

ಪ್ರಕಾಶ ಮಾವ: ಹಾಕಿದ್ದು ನಿಮಗೇ ಅಲ್ವಾ? ನಾಗರಪಂಚಮಿಗೆ ನಾಗನಿಗೆ ತನು (ಹಾಲು, ಸೀಯಾಳ) ಹಾಕಲು ಬಂದವರು ಕೆಸರಲ್ಲಿ ಜಾರುತ್ತಿದ್ದರು. ನಿನ್ನ ಅಮ್ಮನೇ ಬಿದ್ದದ್ದು, ನೆನಪುಂಟಾ?

ನಾನು: ದಾರಿಗೆ ಹಾಕಿದ್ದು ಸರಿ. ಮರದ ಬುಡದವರೆಗೆ ಯಾಕೆ? ರೆಂಜೆಯ ಬೇರು ಎರಡು ಕಲ್ಲು ಎಬ್ಬಿಸಿತು ಅಂತ ಮೇಸ್ತ್ರಿ ಬೇರನ್ನೇ ಕಡಿದ. ಈಗ ತುದಿಯ ಗೆಲ್ಲೆಲ್ಲ ಒಣಗಿದೆ. (ಫೋಟೊ)

ನವೀನಣ್ಣ: ಅದಕ್ಕೆ ವಯಸ್ಸಾಯಿತು ಮಾರಾಯ್ತಿ. ಹೊಸತು ನೆಡುವುದು ಅದಕ್ಕೇ. ಚದರ ಮೀಟರಿಗೆ 3 ಗಿಡ ಅಂದರೂ ಹತ್ತಿರ ಹತ್ತಿರ 1,200 ಆಗುತ್ತದೆ.

ನಾನು: ಎಂತ ಗಿಡ? ಹೋದ ಸಲ ನೀವು ತಂದದ್ದು ಅಕೇಶಿಯಾ. ಆಸ್ಟ್ರೇಲಿಯಾ ಕಡೆಯದು, ಎಲೆ ಬೇಗ ಕೊಳೆಯುವುದೂ ಇಲ್ಲ. ಒತ್ತೊತ್ತಾಗಿ ನೆಟ್ಟರೆ ಮಿಯಾವಾಕಿ ಆಗುವುದಿಲ್ಲ ಅಣ್ಣ. ಈ ಕ್ರಮ ಶುರು ಮಾಡಿದ ಜಪಾನಿನ ಅಕಿರಾ ಮಿಯಾವಾಕಿ ಮೊದಲು ಹುಡುಕಿದ್ದು ಆಯಾ ಊರಿನ ಮೂಲ ಮರ ಯಾವುದು ಅಂತ. ಎಲ್ಲಿ ಸಿಕ್ಕಿತು ಗೊತ್ತುಂಟಾ? ಜಪಾನಿನ ಗುಡಿಗಳ ಸುತ್ತ ಕಡಿಯದೆ ಬಿಟ್ಟ ಕಾಡಿನಲ್ಲಿ. ಅಂದರೆ ಅವರ ಬನದಲ್ಲಿ!

ಸುಮತಿ ದೊಡ್ಡಮ್ಮ: ನಮ್ಮ ಬನಕ್ಕೆ ಯಾರು ನೀರು ಹಾಕಿದ್ದರು? ಸುರಗಿ, ಹಾಲೆ, ಪುನರ್ಪುಳಿ ಎಲ್ಲ ತನ್ನಷ್ಟಕ್ಕೇ ಆದದ್ದು. ತರಗೆಲೆಯಲ್ಲಿ ಕಾಲು ಹುಗಿಯುತ್ತಿತ್ತು. ಗುಡಿಸಿದರೆ ಅಜ್ಜಿ ಬೈಯುತ್ತಿದ್ದರು.

ನಾನು: ಆ ತರಗೆಲೆಯೇ ಕೊಳೆತು ಗೊಬ್ಬರ ಆಗುವುದು. ಎರೆಹುಳು, ಅಣಬೆ ಎಲ್ಲ ಅದರಡಿ. ಮಳೆನೀರು ಇಂಗುವುದೂ ಅಲ್ಲೇ. ಈಗ ಪಂಚಮಿಗೆ ಮೊದಲು ಗುಡಿಸಿ ಬೆಂಕಿ ಕೊಡುತ್ತೇವೆ, ನೀರು ಇಂಟರ್‌ಲಾಕ್ ಮೇಲೆ ಸೀದಾ ಚರಂಡಿಗೆ.

ಪ್ರಕಾಶ ಮಾವ: ಹಾಗಾದರೆ ನಾನು ಖರ್ಚು ಮಾಡಿದ್ದು ದಂಡ?

ನಾನು: ದಾರಿಯದ್ದು ಇರಲಿ ಮಾವ. ಬುಡದ ಸುತ್ತ ಮಾತ್ರ ಎಬ್ಬಿಸುವ, ನವೀನಣ್ಣನ 5 ಸಾವಿರದಲ್ಲಿ. 10 ಸೆಂಟ್ಸಿಗೆ ಬನದ್ದೇ ಬೀಜ ಹೆಕ್ಕಿ ಗಿಡ ಮಾಡುವ.

ನವೀನಣ್ಣ: ನನ್ನ ದುಡ್ಡಿನ ಲೆಕ್ಕ ನೀನು ಹಾಕಬೇಡ.

ಸುಮತಿ ದೊಡ್ಡಮ್ಮ: ಭಟ್ಟರಲ್ಲಿ ಕೇಳದೆ ಬನದ ಒಳಗೆ ಹಾರೆ ಹಾಕುವುದು ಬೇಡ.

ನಾನು: ಸಿಮೆಂಟ್ ಹಾಕುವಾಗ ಕೇಳಿದ್ದರಾ?

ಪ್ರಕಾಶ ಮಾವ: ಆದಿತ್ಯವಾರ ಬಾ. ರೆಂಜೆಯ ಹತ್ತಿರ ನಿಂತು ಮಾತಾಡುವ. ಫೋನಲ್ಲಿ ಬೇಡ.