ಒಬ್ಬರ ಕೂತು ಮಾಡಿದ ಹಳೇ ಥರದ ವಿಡಿಯೋ ಗೇಮ್: ಯಾವುದರಿಂದ ಶುರು ಮಾಡ್ಲಿ?

ಹುಬ್ಬಳ್ಳಿ ವಿದ್ಯಾನಗರದಿಂದ: ಸಣ್ಣವರಿದ್ದಾಗ ಟಿವಿಗೆ ಹಚ್ಚಿ ಕ್ಯಾಸೆಟ್ ಹಾಕಿ ಮಾರಿಯೋ, ಕಾಂಟ್ರಾ ಆಡಿದ ರುಚಿ ಇನ್ನೂ ಹೋಗಿಲ್ರಿ. ಮನ್ಯಾಗ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಹಳೇ ಲ್ಯಾಪ್‌ಟಾಪ್ ಐತಿ, ಸೂಟಿಗೆ ಅಕ್ಕನ ಮಗ ಬರ್ತಾನ, ನಾಕನೇ ಕ್ಲಾಸು, ಕನ್ನಡ ಮೀಡಿಯಂ. ಒಬ್ಬರ ಮಾಡಿದ ಪಿಕ್ಸೆಲ್ ಗೇಮ್, ಅಂದ್ರ ಸಣ್ಣ ಸಣ್ಣ ಚೌಕ ಕೂಡಿಸಿ ಚಿತ್ರ ಮಾಡಿದ್ದು, ಬಾಳ ಚೊಲೋ ಇರ್ತಾವಂತ, ಆಡಿದವರು ಹೇಳ್ರಿ.

ಧಾರವಾಡದಿಂದ: ಕೇವ್ ಸ್ಟೋರಿಯಿಂದನ ಶುರು ಮಾಡ್ರಿ. ಜಪಾನಿನ ಡೈಸುಕೆ ಅಮಾಯಾ ಅನ್ನಾವ್ರು, ಪಿಕ್ಸೆಲ್ ಅಂತ ಹೆಸರಿಟ್ಕೊಂಡು, ಬಿಡುವಿದ್ದಾಗ ಕೂತು ಐದು ವರ್ಷ ಮಾಡಿ 2004ರಾಗ ಪುಕ್ಕಟೆ ಬಿಟ್ರು. ಚಿತ್ರ, ಕಥಿ, ಕೋಡು ಎಲ್ಲಾ ಅವರದ, ಟ್ಯೂನ್ ಕೂಡಸೋ ಸಾಫ್ಟ್‌ವೇರ್ ಸೈತ ಅವರ ಬರ್ಕೊಂಡಾರ. ಪರದೆ ಬರೇ 320 ಇಂಟು 240, ನಿಮ್ಮ ಲ್ಯಾಪ್‌ಟಾಪಿಗೆ ಭಾರ ಅನ್ಸೂದಿಲ್ಲ. ನನಗ ಬಾಳ ಹಿಡಿಸಿದ್ದು ಬಂದೂಕಿನ ಲೆಕ್ಕ, ವೈರಿನ ಹೊಡದ್ರ ಹಳದಿ ತ್ರಿಕೋನ ಬೀಳ್ತಾವ, ಆರಿಸ್ಕೊಂಡಂಗ ಬಂದೂಕು ಮೂರನೇ ಲೆವೆಲ್ ತನಕ ಜೋರಾಗ್ತೈತಿ, ಆದ್ರ ನಿಮಗ ಪೆಟ್ಟು ಬಿತ್ತಂದ್ರ ಅದ ಬಂದೂಕು ಕೆಳಗ ಇಳೀತೈತಿ, ಹಿಂಗಾಗಿ ಜೀವ ಕಡಿಮಿ ಇದ್ದಾಗನ ಕೈಯಾಗಿನ ಹತಾರನೂ ಸೊರಗಿರ್ತೈತಿ, ಓಡಿ ತಪ್ಪಿಸ್ಕೊಳ್ಳೂದೋ, ನುಗ್ಗಿ ತ್ರಿಕೋನ ಆರಿಸೂದೋ ಅಂತ ಆಗಿಂದಾಗ ನಿರ್ಧಾರ ಮಾಡಬೇಕು. ಜಿಗಿತದ ತೂಕ, ಟ್ಯೂನು, ಗವಿಯ ಬಣ್ಣ ಎಲ್ಲಾ ಒಂದ ತಲಿಯಾಗ ಹುಟ್ಟ್ಯಾವ, ಅದಕ್ಕ ಒಂದಕ್ಕೊಂದು ಇಷ್ಟು ಕೂಡ್ತಾವ, ಒಬ್ಬರ ಮಾಡಿದ ಗೇಮಿನ ರುಚಿ ಅಂದ್ರ ನನ್ನ ಪ್ರಕಾರ ಇದ. ಹುಡುಕುವಾಗ ನೆಪ್ಪಿಡ್ರಿ, ಕೇವ್ ಸ್ಟೋರಿ ಪ್ಲಸ್ ಅನ್ನೂದು ಆಮ್ಯಾಲೆ ಬಂದ ರೊಕ್ಕದ್ದು.

ಹಾವೇರಿ ಕಡೆಯಿಂದ: ಸ್ಟಾರ್‌ಡ್ಯೂ ವ್ಯಾಲಿ ಬಿಡಬ್ಯಾಡ್ರಿ. ಎರಿಕ್ ಬರೋನ್ ಅಂತ, ಸಿಯಾಟಲ್‌ನ್ಯಾಗ ಒಂದು ಥಿಯೇಟರಿನ್ಯಾಗ ಮಂದೀಗೆ ಸೀಟು ತೋರಸೋ ಕೆಲಸ ಮಾಡ್ಕೋತ, ನಾಕು ವರ್ಷಕ್ಕಿಂತ ಹೆಚ್ಚು ಕೂತು ಮಾಡಿ 2016ರಾಗ ತಂದ್ರು. ಹೊಲದ ಗೇಮು. ಒಂದು ಹಂಗಾಮಂದ್ರ 28 ದಿನ, ಹಂಗಾಮು ತಿರುಗಿದ ಮುಂಜಾನಿ ಹಿಂದಿನ ಪೀಕು ಒಣಗಿ ನಿಂತಿರ್ತೈತಿ, ಅದಕ್ಕ ಕಡೀ ವಾರ ಏನು ಬಿತ್ತಬೇಕಂತ ಮನ್ಯಾಗ ಚರ್ಚೆ. ಬ್ಯಾಸಗ್ಯಾಗ ಮೆಣಸಿನಕಾಯಿನೂ ಐತ್ರಿ, ಐದು ದಿನಕ್ಕ ಕಾಯಿ, ಆಮ್ಯಾಲೆ ಮೂರು ದಿನಕ್ಕೊಮ್ಮೆ ಬಿಡಸಬಹುದು. ನಮ್ಮಪ್ಪಾರು ಬ್ಯಾಡಗಿ ಮೆಣಸಿನಕಾಯಿ ಬೆಳಿಯೋರು, ಅದನ್ನ ನೋಡಿದ ಮ್ಯಾಲ ಅವರೂ ಹಿಂದ ಕುಂತು ಸಲಹೆ ಕೊಡಾಕ ಹತ್ಯಾರ! ಪರದೆ ಎರಡು ಭಾಗ ಮಾಡಿ ಮಾಮಾ ಅಳಿಯ ಕೂಡೇ ಆಡಬಹುದು, ಎರಡನೇಯವರಿಗೆ ಕಂಟ್ರೋಲರ್ ಬೇಕು ಅಷ್ಟ.

ಗದಗಿಂದ: ಮ್ಯಾಲಿನ ಎರಡೂ ಗೇಮಿನ್ಯಾಗ ಇಂಗ್ಲಿಷ್ ಮಾತು ಬಾಳ, ಹುಡುಗನ ಬಾಜೂಕ ಕುಂತು ಕನ್ನಡದಾಗ ಹೇಳ್ರಿ. ನನ್ನ ಮಗಳಿಗೆ ಹಂಗ ಆಡೂದ ಹಿಡಿಸ್ತು, ದಿನಾ ಮುಂದಿನ ಕಥಿ ಹೇಳು ಅಂತ ಕಾಡ್ತಿದ್ಲು. ಓದೂ ಗೊಡವಿನ ಬ್ಯಾಡಂದ್ರ ಅನಿಮಲ್ ವೆಲ್ ಐತಿ, 2024ರದು, ಬಿಲ್ಲಿ ಬಾಸ್ಸೊ ಏಳು ವರ್ಷ ಕೂತು ಮಾಡ್ಯಾರ, ಎಂಜಿನ್, ಅಂದ್ರ ಗೇಮ್ ಓಡಸೋ ಒಳಗಿನ ಸಾಫ್ಟ್‌ವೇರ್ ಸೈತ ಸ್ವಂತದ್ದು. ಮಾತಿಲ್ಲ, ಬಂದೂಕಿಲ್ಲ, ಗುಳ್ಳಿ ಊದಿ ಅದರ ಮ್ಯಾಲೆ ಜಿಗಿದು ಹೋಗೂದು, ಯೋಯೋ ಆಡಸೂದು, ಹಿಂತಾವ. ಕತ್ತಲಿ ಜಾಸ್ತಿ, ಹುಡುಗ ಅಂಜುವಂವ ಇದ್ರ ಹಗಲ ಆಡಸ್ರಿ. ಸೈಜು 40 ಎಂಬಿ ಒಳಗಂತ ಹಳೇ ಲ್ಯಾಪ್‌ಟಾಪಿನ್ಯಾಗ ಓಡೇ ಓಡ್ತೈತಿ ಅನ್ಕೋಬ್ಯಾಡ್ರಿ, ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡ್ಯಾಗ ಏನೇನು ಬೇಕಂತ ಬರದಿರ್ತಾರ, ನೋಡಿ ತಗೋರಿ. ಅಲ್ಲಿ ತಗೊಂಡ 14 ದಿನದೊಳಗ, ಎರಡು ತಾಸಿಗಿಂತ ಕಡಿಮಿ ಆಡಿದ್ರ ರಿಫಂಡ್ ಕೇಳಬಹುದು.