ತಲೆ ಬೋಳಿಸದೆ, ಯಾರಿಗೂ ಗೊತ್ತಾಗದ ಹಾಗೆ ಕೂದಲು ಕಸಿ: ಡಾಕ್ಟರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನನಗೆ 36 ವರ್ಷ. ಹಣೆಯ ಎರಡೂ ಮೂಲೆಯಲ್ಲಿ ಕೂದಲು ಹಿಂದಕ್ಕೆ ಸರಿದಿದೆ. ನಡುವೆ ಇನ್ನೂ ಚೆನ್ನಾಗಿದೆ. ಹೇರ್ ಟ್ರಾನ್ಸ್‌ಪ್ಲಾಂಟ್ ಮಾಡಿಸಬೇಕು ಅಂತ ತುಂಬಾ ದಿನದಿಂದ ಆಸೆ. ಆದರೆ ನನ್ನದು ದಿನಾ ಹುಡುಗರ ಎದುರು ನಿಂತು ಪಾಠ ಮಾಡುವ ಕೆಲಸ. ಬೋಳು ತಲೆಯಲ್ಲಿ ಹೋದರೆ ಮೊದಲ ದಿನವೇ ವಿಷಯ ಗೊತ್ತಾಗುತ್ತದೆ. ಶೇವ್ ಮಾಡದೆ ಮಾಡುತ್ತೇವೆ, ಮೂರನೇ ದಿನವೇ ಕೆಲಸಕ್ಕೆ ಹೋಗಬಹುದು ಅಂತ ಒಂದು ಕಡೆ ಹೇಳಿದರು. ನಂಬಬಹುದಾ?

ಡಾಕ್ಟರ್: ನಮಸ್ಕಾರ. ಶೇವ್ ಮಾಡದೆ ಮಾಡಬಹುದು, ಅದು ನಿಜ. ಮೂರನೇ ದಿನ ತರಗತಿಯಲ್ಲಿ ನಿಲ್ಲಬಹುದು ಅನ್ನುವುದನ್ನು ಮಾತ್ರ ನಂಬಬೇಡಿ.

ಕೂದಲನ್ನು ತೆಗೆಯುವುದು ತಲೆಯ ಹಿಂಭಾಗದಿಂದ ಮತ್ತು ಕಿವಿಯ ಮೇಲಿನ ಪಕ್ಕಗಳಿಂದ. ಅದಕ್ಕೆ ಡೋನರ್ ಜಾಗ ಅನ್ನುತ್ತೇವೆ. ನೆಡುವುದು ಮುಂದೆ. ಶೇವ್ ಬೇಕಾ ಬೇಡವಾ ಅನ್ನುವ ಮಾತೆಲ್ಲ ಬಹುತೇಕ ಹಿಂಭಾಗಕ್ಕೆ ಸೇರಿದ್ದು. ಆದರೆ ಗುಟ್ಟು ರಟ್ಟಾಗುವುದು ಮುಂಭಾಗದಿಂದ. ನೆಟ್ಟ ಪ್ರತಿಯೊಂದು ರಂಧ್ರದ ಮೇಲೂ ಸಾಸಿವೆಗಿಂತ ಚಿಕ್ಕದೊಂದು ಹಕ್ಕಳೆ ಕಟ್ಟುತ್ತದೆ. ಅವು ಉದುರಲು 7ರಿಂದ 10 ದಿನ ಬೇಕು. ಕೆಂಪು ಆಮೇಲೂ ಕೆಲವು ವಾರ ಇರುತ್ತದೆ. ಮರಗಟ್ಟಿಸಲು ಕೊಟ್ಟ ಇಂಜೆಕ್ಷನ್ನಿನ ನೀರು ಎರಡನೇ ದಿನದಿಂದ ಹಣೆಗೆ, ಅಲ್ಲಿಂದ ಕಣ್ಣಿನ ರೆಪ್ಪೆಗೆ ಇಳಿಯಬಹುದು. ಐದನೇ ದಿನದ ಹೊತ್ತಿಗೆ ಊತ ಸಾಮಾನ್ಯವಾಗಿ ಇಳಿದುಹೋಗುತ್ತದೆ. ಎಲ್ಲರಿಗೂ ಊದುವುದಿಲ್ಲ, ಆದರೆ ಊದಿದರೆ ಮುಚ್ಚಿಡಲು ದಾರಿಯಿಲ್ಲ.

ಹಳೆಯ ಕೂದಲಿನ ನಡುವೆ ನೆಡುವುದಾದರೆ ಆ ಕೂದಲೇ ಇದನ್ನೆಲ್ಲ ಮರೆಮಾಡುತ್ತದೆ. ನಿಮ್ಮದು ಹಣೆಯ ಮೂಲೆ, ಬರೀ ಚರ್ಮ. ಮುಂದಿನ ಕೂದಲು ಉದ್ದ ಇದ್ದು ಮೂಲೆಯ ಮೇಲೆ ಬೀಳುವ ಹಾಗಿದ್ದರೆ ಅರ್ಧ ಕೆಲಸ ಆದ ಹಾಗೆ. ಆದ್ದರಿಂದ ಆಪರೇಷನ್ನಿಗೆ ಮೂರು ನಾಲ್ಕು ತಿಂಗಳು ಮೊದಲೇ ಕೂದಲು ಬಿಡಲು ಶುರುಮಾಡಿ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ, ಅಷ್ಟೇ.

ಇನ್ನು ಹಿಂಭಾಗ. ಎಫ್‌ಯುಇ ವಿಧಾನದಲ್ಲಿ ಕೂದಲಿನ ಒಂದೊಂದು ಬುಡವನ್ನೂ 1 ಮಿಲಿಮೀಟರಿಗಿಂತ ಕಿರಿದಾದ ದುಂಡನೆಯ ಪಂಚ್‌ನಿಂದ ಬಿಡಿಸುತ್ತೇವೆ. ಒಂದು ಬುಡದಲ್ಲಿ 1ರಿಂದ 4 ಕೂದಲು ಇರುತ್ತವೆ. ಅದೇ ಒಂದು ಗ್ರಾಫ್ಟ್. ಕೂದಲು ಉದ್ದ ಇದ್ದರೆ ಅದು ಪಂಚ್‌ಗೆ ಸುತ್ತಿಕೊಳ್ಳುತ್ತದೆ, ಬುಡ ಯಾವ ಕೋನದಲ್ಲಿ ಒಳಗೆ ಇಳಿದಿದೆ ಅಂತ ಕಾಣುವುದಿಲ್ಲ. ಶೇವ್ ಮಾಡುವುದು ಅದಕ್ಕೇ. ಬೇಡ ಅಂದರೆ ಇರುವ ದಾರಿಗಳು ಹೀಗಿವೆ.

ನಾನು ಜಾಸ್ತಿ ಜನರಿಗೆ ಹೇಳುವುದು ಕಿಟಕಿ ವಿಧಾನ. ಹಿಂದಿನ ಕೂದಲನ್ನು ಮೇಲೆತ್ತಿ ಕ್ಲಿಪ್ ಹಾಕಿ, ಅದರ ಕೆಳಗೆ ಎರಡು ಮೂರು ಬೆರಳಗಲದ ಒಂದು ಪಟ್ಟಿ ಮಾತ್ರ ಶೇವ್ ಮಾಡುವುದು. ಕೆಲಸ ಮುಗಿದ ಮೇಲೆ ಕ್ಲಿಪ್ ತೆಗೆದರೆ ಮೇಲಿನ ಕೂದಲು ಬಿದ್ದು ಮುಚ್ಚುತ್ತದೆ. ಮೇಲಿನ ಕೂದಲು ಕಡಿಮೆ ಅಂದರೂ 5 ಸೆಂಟಿಮೀಟರ್ ಇರಬೇಕು. ಒಂದೇ ಪಟ್ಟಿಯಿಂದ ವಿಪರೀತ ಕಿತ್ತರೆ ಆ ಜಾಗ ಶಾಶ್ವತವಾಗಿ ತೆಳುವಾಗುತ್ತದೆ, ಅದನ್ನು ಡಾಕ್ಟರ್ ಜೊತೆ ಮೊದಲೇ ಮಾತಾಡಿ.

ಎರಡನೆಯದು, ಎಲ್ಲೂ ಪಟ್ಟಿ ಹೊಡೆಯದೆ, ತೆಗೆಯಬೇಕಾದ ಬುಡಗಳನ್ನು ಮಾತ್ರ ಅಲ್ಲೊಂದು ಇಲ್ಲೊಂದು ಆರಿಸಿ ಪುಟ್ಟ ಕತ್ತರಿಯಿಂದ ಗಿಡ್ಡ ಮಾಡಿ ತೆಗೆಯುವುದು. ತುಂಬಾ ತಾಳ್ಮೆಯ ಕೆಲಸ. ಒಂದು ದಿನಕ್ಕೆ 1,000ದಿಂದ 1,500 ಗ್ರಾಫ್ಟ್ ದಾಟುವುದು ಕಷ್ಟ.

ಕತ್ತರಿಸದೆ ಉದ್ದ ಕೂದಲಿನ ಸಮೇತ ತೆಗೆದು ನೆಡುವ ವಿಧಾನವೂ ಇದೆ. ಅವತ್ತೇ ಮುಂದೆ ಕೂದಲು ಕಾಣುತ್ತದೆ, ಕನ್ನಡಿ ನೋಡಿದವರಿಗೆ ಬಹಳ ಖುಷಿ. ಆದರೆ ಆ ಕೂದಲು ಕೆಲವು ವಾರದಲ್ಲಿ ಉದುರಿಹೋಗುತ್ತದೆ. ಆಮೇಲೆ ಹೊಸದು ಬರುವವರೆಗೆ ಮತ್ತೆ ಖಾಲಿ. ಗುಟ್ಟಾಗಿರಬೇಕು ಅನ್ನುವವರಿಗೆ ಇದು ಅಷ್ಟು ಹೊಂದುವುದಿಲ್ಲ. ಇದ್ದಕ್ಕಿದ್ದಂತೆ ಬಂದ ಕೂದಲು ಇದ್ದಕ್ಕಿದ್ದಂತೆ ಹೋದರೆ ನೋಡಿದವರು ಕೇಳದೆ ಬಿಡುತ್ತಾರಾ?

ನಿಮ್ಮ ತಲೆ ನೋಡದೆ ಲೆಕ್ಕ ಹೇಳುವುದು ಸರಿಯಲ್ಲ. ಆದರೂ ಬರೀ ಮೂಲೆಗಳಾದರೆ ಕಿಟಕಿ ವಿಧಾನ ಸಾಕಾಗಬಹುದು. ರಜೆ ಮಾತ್ರ 12ರಿಂದ 14 ದಿನ ಇಟ್ಟುಕೊಳ್ಳಿ. ಅಷ್ಟು ರಜೆ ಸಿಗದಿದ್ದರೆ ದೊಡ್ಡ ರಜೆ ಬರುವವರೆಗೆ ಕಾಯಿರಿ. ಅವಸರದಲ್ಲಿ ಮಾಡಿಸಿ ಹಕ್ಕಳೆ ಕಿತ್ತುಕೊಂಡವರನ್ನು ನೋಡಿ ಬೇಜಾರಾಗಿದೆ. ಮೊದಲ ಐದಾರು ದಿನದಲ್ಲಿ ಹಕ್ಕಳೆ ಎಳೆದರೆ ಅದರ ಜೊತೆ ಗ್ರಾಫ್ಟೂ ಕಿತ್ತು ಬರುತ್ತದೆ.

ಪ್ರಶ್ನೆ: ಸರ್, ನನಗೆ ಒಂದೇ ದಿನದಲ್ಲಿ 3,500 ಗ್ರಾಫ್ಟ್, ಸ್ವಲ್ಪವೂ ಶೇವ್ ಇಲ್ಲ ಅಂತ ಹೇಳಿದ್ದಾರೆ. ಅಡ್ವಾನ್ಸ್ ಕೊಡಬೇಕು ಅನ್ನುತ್ತಿದ್ದಾರೆ. ಕೊಡಲಾ?

ಡಾಕ್ಟರ್: ಈಗಲೇ ಕೊಡಬೇಡಿ. ಶೇವ್ ಮಾಡಿದ ತಲೆಯಲ್ಲೇ 3,500 ಅಂದರೆ ಇಡೀ ದಿನದ ದುಡಿಮೆ. ಶೇವ್ ಇಲ್ಲದೆ ಅಂದರೆ ಸಮಯ ಇನ್ನೂ ಎಷ್ಟೋ ಹೆಚ್ಚುತ್ತದೆ. ತೆಗೆದ ಗ್ರಾಫ್ಟ್ ದೇಹದ ಹೊರಗೆ ತಣ್ಣನೆಯ ದ್ರಾವಣದಲ್ಲಿ ಕಾಯುತ್ತಿರುತ್ತದೆ. ಕಾಯುವ ಹೊತ್ತು ಹೆಚ್ಚಿದಷ್ಟೂ ಅದು ಬದುಕುವ ಸಾಧ್ಯತೆ ಇಳಿಯುತ್ತದೆ. ಮರಗಟ್ಟಿಸುವ ಮದ್ದಿಗೂ ದೇಹದ ತೂಕಕ್ಕೆ ತಕ್ಕ ಮಿತಿ ಇದೆ, ಬೇಕಾದಷ್ಟು ಸಲ ಚುಚ್ಚುವ ಹಾಗಿಲ್ಲ.

ನೇರವಾಗಿ ಕೇಳಿ: ಪಂಚ್ ಹಿಡಿಯುವವರು ಯಾರು, ಮುಂದೆ ರಂಧ್ರ ಮಾಡುವವರು ಯಾರು? ಡಾಕ್ಟರೇ ತಾನೇ? ಪೂರ್ತಿ ಹೊತ್ತು ಅವರು ಕೋಣೆಯಲ್ಲೇ ಇರುತ್ತಾರಾ? ಶೇವ್ ಇಲ್ಲದೆ ಮಾಡಿಸಿಕೊಂಡವರ ಒಂದು ವರ್ಷದ ನಂತರದ ಫೋಟೊ, ಹಿಂಭಾಗದ್ದೂ ಸೇರಿ, ತೋರಿಸಲಿ. ಮುಂಭಾಗದ್ದು ಮಾತ್ರ ತೋರಿಸಿದರೆ ಸಾಕಾಗುವುದಿಲ್ಲ. ಸಹಾಯಕರು ಗ್ರಾಫ್ಟ್ ಎಣಿಸುವುದು, ಕೂರಿಸುವುದು ಎಲ್ಲ ಕಡೆ ಇರುವುದೇ. ಆದರೆ ಆಪರೇಷನ್ ಪೂರ್ತಿ ಅವರ ಕೈಗೆ ಬಿಟ್ಟು ಡಾಕ್ಟರ್ ಹೊರಗಿರುವುದು ತಪ್ಪು. 3,500 ನಿಜವಾಗಿ ಬೇಕಿದ್ದರೆ ಒಂದೋ ಶೇವ್ ಮಾಡಿಸಿ, ಇಲ್ಲ ಎರಡು ಸಲಕ್ಕೆ ಹಂಚಿಕೊಳ್ಳಿ.

ಪ್ರಶ್ನೆ: ಮಹಿಳೆಯರೂ ಕೇಳಬಹುದಾ ಡಾಕ್ಟ್ರೇ? ನನಗೆ 41. ಬೈತಲೆ ಅಗಲ ಆಗುತ್ತಿದೆ. ಒಂದು ಇಂಚು ಕೂದಲು ಕತ್ತರಿಸುವುದಕ್ಕೂ ನನಗೆ ಮನಸ್ಸಿಲ್ಲ.

ಡಾಕ್ಟರ್: ಖಂಡಿತ ಕೇಳಿ ಮೇಡಂ. ಗುಟ್ಟಿನ ಮಟ್ಟಿಗೆ ನಿಮಗೆ ಅನುಕೂಲವೇ ಜಾಸ್ತಿ, ಉದ್ದ ಕೂದಲು ಎಲ್ಲವನ್ನೂ ಮುಚ್ಚುತ್ತದೆ. ಕಿಟಕಿ ವಿಧಾನ ಆಗುತ್ತದೆ. ಎಫ್‌ಯುಟಿ ಅಂತ ಇನ್ನೊಂದಿದೆ. ಹಿಂದಿನಿಂದ ಚರ್ಮದ ಸಣ್ಣ ಪಟ್ಟಿಯನ್ನೇ ತೆಗೆದು ಹೊಲಿಯುತ್ತಾರೆ. ಆ ಪಟ್ಟಿಯಷ್ಟು ಕೂದಲು ಮಾತ್ರ ಗಿಡ್ಡ ಆಗುತ್ತದೆ. ಹೊಲಿಗೆ ಬಿಚ್ಚಲು 10ರಿಂದ 14 ದಿನ. ಗೆರೆಯಂಥ ಕಲೆ ಉಳಿಯುತ್ತದೆ, ಕೂದಲು ಉದ್ದ ಇರುವವರೆಗೆ ಕಾಣುವುದಿಲ್ಲ. ಹೊಸ ಯಂತ್ರಗಳ ಮಾತಿನಲ್ಲಿ ಇದನ್ನು ಹಳೆಯದು ಅಂತ ಬದಿಗೆ ಸರಿಸುತ್ತಾರೆ. ಉದ್ದ ಕೂದಲಿನವರಿಗೆ ಇದು ಈಗಲೂ ಒಳ್ಳೆಯ ದಾರಿ.

ಆದರೆ ಅದಕ್ಕೂ ಮೊದಲು ಕಾರಣ ಹುಡುಕಬೇಕು. ಥೈರಾಯ್ಡ್, ಫೆರಿಟಿನ್ (ದೇಹದಲ್ಲಿ ಕಬ್ಬಿಣದ ಸಂಗ್ರಹ ಎಷ್ಟಿದೆ ಅಂತ ತೋರಿಸುವುದು), ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿದ್ದೀರಾ? ಜ್ವರ, ಹೆರಿಗೆ, ದಿಢೀರ್ ತೂಕ ಇಳಿಕೆ ಆದ ಮೇಲೆ ಉದುರುವ ಕೂದಲು ತಾನಾಗಿ ವಾಪಸ್ ಬರುತ್ತದೆ, ಅದಕ್ಕೆ ಆಪರೇಷನ್ ಬೇಡ. ಹೆಂಗಸರಲ್ಲಿ ಎಷ್ಟೋ ಸಲ ಹಿಂಭಾಗವೂ ತೆಳುವಾಗಿರುತ್ತದೆ. ಅಂಥ ಕಡೆಯಿಂದ ತೆಗೆದು ಮುಂದೆ ನೆಟ್ಟರೆ ಅದೂ ಉದುರುತ್ತದೆ. ಡರ್ಮೋಸ್ಕೋಪ್, ಅಂದರೆ ಚರ್ಮವನ್ನು ದೊಡ್ಡದಾಗಿ ತೋರಿಸುವ ಮಸೂರ, ಇಟ್ಟು ಹಿಂಭಾಗ ನೋಡಿದ ಮೇಲೆಯೇ ಹೌದು ಅನ್ನುವ ಡಾಕ್ಟರನ್ನು ಹುಡುಕಿ. ನೆತ್ತಿಯಲ್ಲಿ ಉರಿ, ತುರಿಕೆ, ಕೆಂಪು ಇದ್ದರೆ ಅದನ್ನೂ ಹೇಳಿ. ಕೂದಲಿನ ಬುಡವನ್ನೇ ಸುಟ್ಟುಹಾಕುವ ಕೆಲವು ಚರ್ಮರೋಗಗಳಿವೆ. ಅವು ಹತೋಟಿಗೆ ಬರುವ ಮೊದಲು ನೆಟ್ಟರೆ ಎಲ್ಲ ದಂಡ.

ಪ್ರಶ್ನೆ: ಡಾಕ್ಟ್ರೇ, ಅರ್ಜೆಂಟ್. ಕಿಟಕಿ ವಿಧಾನದಲ್ಲಿ ಮಾಡಿಸಿ 24 ದಿನ ಆಯ್ತು. ನೆಟ್ಟ ಕೂದಲೆಲ್ಲ ಉದುರುತ್ತಿದೆ. ಸುತ್ತಮುತ್ತ ಇದ್ದ ಹಳೆಯ ಕೂದಲೂ ಉದುರುತ್ತಿದೆ. ಮೊದಲಿಗಿಂತ ಕೆಟ್ಟದಾಗಿ ಕಾಣುತ್ತಿದೆ. ರಾತ್ರಿ ನಿದ್ದೆ ಇಲ್ಲ.

ಡಾಕ್ಟರ್: ಗಾಬರಿ ಬೇಡ. ಉದುರುವುದು ಕೂದಲಿನ ಕಡ್ಡಿ ಮಾತ್ರ, ಬುಡ ಒಳಗೇ ಇದೆ. ಎರಡನೇ ವಾರದಿಂದ ಎರಡು ತಿಂಗಳ ಒಳಗೆ ಹೆಚ್ಚುಕಡಿಮೆ ಎಲ್ಲರಿಗೂ ಹೀಗಾಗುತ್ತದೆ. ಜಾಗ ಬದಲಾದ ಬುಡ ಸ್ವಲ್ಪ ಕಾಲ ವಿಶ್ರಾಂತಿಗೆ ಹೋಗುತ್ತದೆ. ಮೂರು ನಾಲ್ಕನೇ ತಿಂಗಳಿಗೆ ನಯವಾದ ತೆಳು ಕೂದಲು ಬರಲು ಶುರುವಾಗುತ್ತದೆ. ಆರು ತಿಂಗಳಿಗೆ ಬದಲಾವಣೆ ಗೊತ್ತಾಗುತ್ತದೆ. ಪೂರ್ತಿ ಫಲಿತಾಂಶಕ್ಕೆ 12 ತಿಂಗಳು, ನಡುನೆತ್ತಿಗೆ ಇನ್ನೂ ಕೆಲವು ತಿಂಗಳು ಜಾಸ್ತಿ.

ಹಳೆಯ ಕೂದಲು ಉದುರುವುದಕ್ಕೆ ಶಾಕ್ ಲಾಸ್ ಅನ್ನುತ್ತೇವೆ. ಶೇವ್ ಮಾಡದೆ ಹಳೆಯ ಕೂದಲಿನ ನಡುವೆ ನೆಟ್ಟಾಗ ಇದು ಕಣ್ಣಿಗೆ ಹೆಚ್ಚು ಬೀಳುತ್ತದೆ. ಗಟ್ಟಿ ಕೂದಲಾಗಿದ್ದರೆ ವಾಪಸ್ ಬರುತ್ತದೆ. ಆಗಲೇ ಸೊರಗಿದ್ದ ಎಳೆಗಳಲ್ಲಿ ಕೆಲವು ಬಾರದೇ ಇರಬಹುದು. ಇದನ್ನು ನಿಮಗೆ ಆಪರೇಷನ್ನಿಗೆ ಮೊದಲೇ ಯಾರಾದರೂ ಕೂರಿಸಿ ಹೇಳಬೇಕಿತ್ತು. ಕೀವು, ಹೆಚ್ಚುತ್ತಿರುವ ನೋವು, ಕಪ್ಪಾದ ಚರ್ಮ, ಜ್ವರ ಇವುಗಳಲ್ಲಿ ಯಾವುದಾದರೂ ಇದ್ದರೆ ಮಾತ್ರ ಇವತ್ತೇ ಹೋಗಿ ತೋರಿಸಿ. ಇಲ್ಲದಿದ್ದರೆ ನಿಶ್ಚಿಂತೆಯಿಂದ ಮಲಗಿ.

ಪ್ರಶ್ನೆ: ನನಗೆ 22 ವರ್ಷ. ಈಗಿಂದಲೇ ಸ್ವಲ್ಪ ಸ್ವಲ್ಪ ಮಾಡಿಸಿಕೊಂಡರೆ ಯಾರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ ಅಲ್ವಾ?

ಡಾಕ್ಟರ್: ಈ ವಯಸ್ಸಿಗೆ ಬೇಡ. ಹಿಂಭಾಗದ ಕೂದಲನ್ನು ಮುಂದೆ ನೆಟ್ಟರೂ ಅದು ತನ್ನ ಮೂಲ ಗುಣವನ್ನೇ ಉಳಿಸಿಕೊಳ್ಳುತ್ತದೆ. ಇದನ್ನು ನ್ಯೂಯಾರ್ಕಿನ ಚರ್ಮವೈದ್ಯ ನಾರ್ಮನ್ ಒರೆಂಟ್‌ರೈಕ್ 1959ರಲ್ಲಿ ಬರೆದು ತೋರಿಸಿದರು. ಅಂದರೆ ನೆಟ್ಟದ್ದು ನಿಲ್ಲುತ್ತದೆ, ಅದರ ಹಿಂದಿನ ನಿಮ್ಮ ಸ್ವಂತ ಕೂದಲು ಉದುರುತ್ತಲೇ ಹೋಗುತ್ತದೆ. ಹಣೆಯ ಮೇಲೆ ಒಂದು ಸಾಲು, ಅದರ ಹಿಂದೆ ಬಯಲು. ಆಗ ಅದು ಎಲ್ಲರಿಗೂ ಗೊತ್ತಾಗುತ್ತದೆ. ಡೋನರ್ ಕೂದಲು ತೆಗೆದಷ್ಟೂ ಮುಗಿಯುತ್ತದೆ, ಮತ್ತೆ ಹುಟ್ಟುವುದಿಲ್ಲ.

ಮೊದಲು ಉದುರುವುದನ್ನು ನಿಲ್ಲಿಸಿ. 5% ಮಿನಾಕ್ಸಿಡಿಲ್ ಹಚ್ಚುವುದು, ದಿನಕ್ಕೆ 1 ಮಿಲಿಗ್ರಾಂ ಫಿನಾಸ್ಟರೈಡ್ ಮಾತ್ರೆ, ಇವೆರಡಕ್ಕೂ ಒಳ್ಳೆಯ ಆಧಾರ ಇದೆ. ಮಾತ್ರೆಯಿಂದ ಕೆಲವರಿಗೆ ಲೈಂಗಿಕ ತೊಂದರೆ, ಮನಸ್ಸು ಕುಗ್ಗುವುದು ಆಗುತ್ತದೆ. ಆದ್ದರಿಂದ ಡಾಕ್ಟರನ್ನು ಕಂಡು ಮಾತಾಡದೆ ಸುಮ್ನೆ ತಂದು ನುಂಗಬೇಡಿ. ಒಂದು ವರ್ಷ ನೋಡಿ, ಆಮೇಲೆ ಮತ್ತೆ ಕೇಳಿ.

ಪ್ರಶ್ನೆ: ಟೋಪಿ, ಹೆಲ್ಮೆಟ್, ಕೂದಲಿನ ಪೌಡರ್, ಜಿಮ್?

ಡಾಕ್ಟರ್: ಸಡಿಲವಾದ ಟೋಪಿ ಯಾವಾಗ ಹಾಕಬಹುದು ಅಂತ ನಿಮ್ಮ ಡಾಕ್ಟರೇ ಗಾಯ ನೋಡಿ ಹೇಳಲಿ. ಹೆಲ್ಮೆಟ್ ಎರಡು ವಾರ ಬೇಡ, ಹಾಗಾಗಿ ಅಷ್ಟು ದಿನ ಬೈಕೂ ಬೇಡ. ಪೌಡರ್, ಫೈಬರ್ ಎರಡು ವಾರದ ನಂತರ, ಹಕ್ಕಳೆ ಪೂರ್ತಿ ಹೋದ ಮೇಲೆ. ಬೆವರು ಸುರಿಯುವ ವ್ಯಾಯಾಮವೂ ಎರಡು ವಾರ ನಿಲ್ಲಲಿ. ಬಣ್ಣ ಹಚ್ಚಲು ಕನಿಷ್ಠ ಒಂದು ತಿಂಗಳು.

ತೊಳೆಯುವುದರ ಬಗ್ಗೆ ಯಾರೂ ಕೇಳಲಿಲ್ಲ, ನಾನೇ ಹೇಳುತ್ತೇನೆ. ಶೇವ್ ಮಾಡದ ತಲೆಯಲ್ಲಿ ರಕ್ತ ಮತ್ತು ರಸಿಕೆ ಉದ್ದ ಕೂದಲಿಗೆ ಅಂಟಿ ಗಂಟುಗಂಟಾಗುತ್ತದೆ. ಹಕ್ಕಳೆ ಕೂದಲಿನೊಳಗೆ ಅಡಗಿ ಕೂರುತ್ತದೆ. ಬಾಚಣಿಗೆ ಹಾಕಿ ಎಳೆಯಬೇಡಿ. ಕೈಯಲ್ಲೇ ಬೇಬಿ ಶಾಂಪೂ ನೊರೆ ಮಾಡಿ, ನೊರೆಯನ್ನು ಮಾತ್ರ ಮೇಲಿಟ್ಟು, ಸ್ವಲ್ಪ ಹೊತ್ತು ನೆನೆಯಲು ಬಿಟ್ಟು, ಮಗ್‌ನಿಂದ ಉಗುರುಬೆಚ್ಚಗಿನ ನೀರು ಮೆಲ್ಲಗೆ ಸುರಿಯಿರಿ. ಶವರ್ ರಭಸ ಬೇಡ. ಮೊದಲ ಸಲದ್ದನ್ನು ಆಸ್ಪತ್ರೆಯಲ್ಲೇ ಮಾಡಿಸಿಕೊಂಡು, ಹೇಗೆ ಅಂತ ನೋಡಿ ಕಲಿತುಕೊಳ್ಳಿ.

ಪ್ರಶ್ನೆ: ಮನೆಯವರಿಗೂ ಹೇಳದೆ ಮಾಡಿಸಬೇಕು ಅಂತಿದ್ದೇನೆ. ಬಿಪಿ ಮಾತ್ರೆ ತಗೊಳ್ತೀನಿ, ಅದನ್ನು ಹೇಳಿದರೆ ಬೇಡ ಅಂತಾರೇನೋ.

ಡಾಕ್ಟರ್: ಊರಿಗೆಲ್ಲ ಗುಟ್ಟಾಗಿಡಿ, ನಿಮ್ಮ ಹಕ್ಕು ಅದು. ನಾವೂ ಯಾರಿಗೂ ಹೇಳುವುದಿಲ್ಲ. ಆದರೆ ಡಾಕ್ಟರಿಂದ ಏನನ್ನೂ ಮುಚ್ಚಿಡಬೇಡಿ, ದಯವಿಟ್ಟು. ಮರಗಟ್ಟಿಸುವ ಮದ್ದಿನ ಜೊತೆ ಅಡ್ರಿನಲಿನ್ ಸೇರಿರುತ್ತದೆ, ಅದು ಬಿಪಿ ಮತ್ತು ಎದೆಬಡಿತ ಏರಿಸುತ್ತದೆ. ಕೆಲವು ಬಿಪಿ ಮಾತ್ರೆಗಳ ಜೊತೆ ಅದು ಅಪಾಯವೂ ಆಗಬಹುದು. ಬಿಪಿ ಹತೋಟಿಯಲ್ಲಿದ್ದರೆ ಆಪರೇಷನ್ ಬೇಡ ಅನ್ನಲು ಕಾರಣವೇ ಇಲ್ಲ. ಸಕ್ಕರೆ ಕಾಯಿಲೆ, ರಕ್ತ ತೆಳು ಮಾಡುವ ಮಾತ್ರೆ, ಸಿಗರೇಟ್, ಅಲರ್ಜಿ ಎಲ್ಲವನ್ನೂ ಹೇಳಿ. ಮತ್ತೆ, ಮೊದಲ ರಾತ್ರಿ ಜೊತೆಗೆ ಒಬ್ಬರು ಇರಲೇಬೇಕು. ರಕ್ತ ಜಿನುಗಬಹುದು, ತಲೆ ಸುತ್ತಬಹುದು, ತಲೆ ಎತ್ತರದಲ್ಲಿಟ್ಟು ಮಲಗಲು ದಿಂಬು ಸರಿಮಾಡಬೇಕು. ನಂಬಿಕೆಯ ಒಬ್ಬರಿಗಾದರೂ ಹೇಳಿ.

ಪ್ರಶ್ನೆ (ಮೊದಲು ಕೇಳಿದವರು): ತುಂಬಾ ಉಪಕಾರ ಡಾಕ್ಟ್ರೇ. ದೊಡ್ಡ ರಜೆಗೇ ಇಟ್ಟುಕೊಳ್ಳುತ್ತೇನೆ. ಕೊನೆಯದಾಗಿ, ಕೂದಲು ಕತ್ತರಿಸುವವರಿಗೆ ಗೊತ್ತಾಗುತ್ತದಾ?

ಡಾಕ್ಟರ್: ಅವರಿಗೆ ಗೊತ್ತಾಗಬಹುದು. ಹಿಂದಿನ ಕೂದಲನ್ನು ಬಾಚಣಿಗೆಯಿಂದ ಎತ್ತಿದ ಕೂಡಲೇ ಗಿಡ್ಡ ಪಟ್ಟಿ ಕಾಣುತ್ತದೆ. ಅದು ಮೇಲಿನ ಕೂದಲಿಗೆ ಸೇರಿಕೊಳ್ಳಲು ನಾಲ್ಕೈದು ತಿಂಗಳು ಬೇಕು. ಕತ್ತರಿ ಕೆಲಸ ಒಂದು ತಿಂಗಳ ನಂತರ ಮಾಡಿಸಿ, ಹಿಂದೆ ಉದ್ದ ಮುಟ್ಟಬೇಡಿ ಅಂತ ಹೇಳಿ. ಗಾಯ ಮಾಗಿದ ಮೇಲೂ ಎಫ್‌ಯುಇಯ ಚುಕ್ಕಿ ಕಲೆಗಳು ಇರುತ್ತವೆ, ಹಾಗಾಗಿ ಮುಂದೆಯೂ ಹಿಂದುಗಡೆ ಸೊನ್ನೆ ನಂಬರ್ ಮಷಿನ್ ಹೊಡೆಸಬೇಡಿ. ರಜೆಯ ತಾರೀಖು ಗೊತ್ತಾದ ಮೇಲೆ ಮುಂದೆ, ಹಿಂದೆ, ಎರಡೂ ಪಕ್ಕದ ಫೋಟೊ ತೆಗೆದುಕೊಂಡು, ಒದ್ದೆ ಕೂದಲಿನದ್ದೂ ಒಂದಿರಲಿ, ಹತ್ತಿರದ ಚರ್ಮವೈದ್ಯರನ್ನು ಕಾಣಿ.